ನಿಮ್ಮ ಮನೆಯ ಒಲೆ ಎಷ್ಟು ದಿನ ಉರಿದೀತು?

ನಾನು ಹೊಸಪೇಟೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ ನಮ್ಮ ಮನೆಯಲ್ಲಿ ಬಿಳಿ ಬಟ್ಟೆ ಎನ್ನುವುದೇ ಇರಲಿಲ್ಲ. ಬೆಳಿಗ್ಗೆ ಒಗೆದು ಮಾಳಿಗೆ ಮೇಲೆ ಒಣಹಾಕಿದ ಅಪ್ಪನ ಪಂಚೆ ಸಂಜೆ ತೆಗೆಯುವಷ್ಟರಲ್ಲಿ ಕೆಂಪಗಾಗಿರುತ್ತಿತ್ತು. ತುಳಸಿ ಎಲೆ ಕೆಂಪು, ಕಿಟಕಿ ಸರಳು ಕೆಂಪು, ಮುಚ್ಚಿಟ್ಟ ಹಾಲಿನ ಪಾತ್ರೆಯ ಮೇಲೂ ಒಂದು ಪದರ ಕೆಂಪು. ಊರಿಂದ ಬಂದ ನೆಂಟರು "ಏನ್ರೀ ಇದು ಧೂಳು!" ಎಂದು ಮೂಗು ಮುಚ್ಚಿಕೊಂಡರೆ ನಮ್ಮ ಓಣಿಯ ಹೆಂಗಸರು ನಗುತ್ತಿದ್ದರು. "ಇದು ಧೂಳಲ್ರೀ, ದುಡ್ಡು!"

ಅದು ಸುಳ್ಳೂ ಅಲ್ಲ. ಚೀನಾದಲ್ಲಿ ಉಕ್ಕಿಗೆ ಬೇಡಿಕೆ ಏರಿತ್ತು, 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಅಲ್ಲಿ ಕಟ್ಟಡಗಳು ಏಳುತ್ತಿದ್ದವು, ಇಲ್ಲಿ ನಮ್ಮ ಸಂಡೂರಿನ ಗುಡ್ಡಗಳು ಕರಗುತ್ತಿದ್ದವು. ಅದಿರು ತುಂಬಿದ ಲಾರಿಗಳು ಹಗಲು ರಾತ್ರಿ ಎನ್ನದೆ ಬೇಲೆಕೇರಿ ಬಂದರಿನ ತನಕ ಓಡಿದವು. ಕೆಲವು ರೈತರ ಹೊಲದಲ್ಲೇ ಮೇಲ್ಪದರದ ಅದಿರು ಸಿಕ್ಕಿತು. ಜೋಳ ಬೆಳೆಯುತ್ತಿದ್ದ ನೆಲವನ್ನು ಬಗೆದು ಮಾರಿದರು. ಹೊಲ ಇಲ್ಲದವರು ಲಾರಿ ಕೊಂಡರು. ನಮ್ಮ ಅಪ್ಪ ಎರಡನೆಯ ಗುಂಪಿನವರು.

ಅಪ್ಪನದು ಚಿಕ್ಕ ಕಿರಾಣಿ ಅಂಗಡಿ. ದೊಡ್ಡ ವ್ಯಾಪಾರವೇನಲ್ಲ, ಆದರೆ ಮನೆಗೆ ಬೇಕಾದ ಬೇಳೆ, ಎಣ್ಣೆ, ಸೋಪು ಅಲ್ಲಿಂದಲೇ ಬರುತ್ತಿತ್ತು. 2007ರಲ್ಲಿ ಒಂದು ಟಿಪ್ಪರ್ ತೆಗೆದುಕೊಂಡರು. ಕೈಯಿಂದ ಹಾಕಿದ್ದು ಸ್ವಲ್ಪ, ಉಳಿದದ್ದೆಲ್ಲ ಫೈನಾನ್ಸ್. ಆರೇ ತಿಂಗಳಿಗೆ ಅಂಗಡಿಯ ಒಂದು ತಿಂಗಳ ಲಾಭ ಲಾರಿಯ ಮೂರು ದಿನದ ದುಡಿಮೆಗೆ ಸಮ ಎನಿಸಿತು. ಮುಂದಿನ ವರ್ಷ ಅಂಗಡಿ ಮುಚ್ಚಿದರು. "ಚಿಲ್ಲರೆ ಎಣಿಸಿ ಎಣಿಸಿ ಬೆರಳು ಸವೆದಾವು, ಸಾಕು" ಅಂದರು. ಅಮ್ಮ ಬೇಡ ಅನ್ನಲಿಲ್ಲವೇ ಎಂದು ನೀವು ಕೇಳಬಹುದು. ಇಲ್ಲ! ಸುಳ್ಳೇಕೆ ಹೇಳಲಿ, ಅಮ್ಮನಿಗೂ ಖುಷಿಯೇ. ಹೊಸ ಫ್ರಿಜ್ ಬಂತು, ದೊಡ್ಡ ಟಿವಿ ಬಂತು, ಊರಾಚೆ ಒಂದು ಸೈಟು ಅಮ್ಮನ ಹೆಸರಿಗೇ ಬಂತು. ಮದುವೆಗೆ ಹೋದರೆ ಅಮ್ಮನನ್ನು ಮುಂದಿನ ಸಾಲಿನ ಕುರ್ಚಿಗೆ ಕರೆಯುತ್ತಿದ್ದರು. ಆ ಕುರ್ಚಿಯ ಸುಖ ಏನೆಂದು ಹಿಂದಿನ ಸಾಲಿನಲ್ಲಿ ಕೂತವರಿಗೇ ಗೊತ್ತು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಟೀಚರಕ್ಕ ಇದ್ದರು. ಒಬ್ಬರದೇ ಸಂಬಳ, ಇಬ್ಬರು ಮಕ್ಕಳು. ಅವರ ಮನೆಯಲ್ಲಿ ಹಳೇ ಸೀರೆಯೇ ಕಿಟಕಿ ಪರದೆ. "ನಿಮ್ದೇನ್ ಬಿಡ್ರಿ, ಲಾರಿ ಮಂದಿ. ನಾವು ತಿಂಗಳ ಕೊನೆಗೆ ಕಾಫಿಪುಡಿ ಅಳೀತೀವಿ" ಎಂದು ಅವರು ಅಮ್ಮನ ಹತ್ತಿರ ಹೇಳಿಕೊಳ್ಳುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ನಾವು ಶ್ರೀಮಂತರು, ಅವರು ಬಡವರು. ಓಣಿಯಲ್ಲಿ ಎಲ್ಲರ ಲೆಕ್ಕವೂ ಹೀಗೇ ಇತ್ತು. ಅವರದೂ ಹಾಗೇ, ನಮ್ಮದೂ ಹಾಗೇ.

<b>ಮೂರು ಸಲ ನಿಂತ ಚಕ್ರ</b>

ಆ ಹಣ ಒಮ್ಮೆಲೇ ಹೋಯಿತು ಎನ್ನುವುದು ತಪ್ಪು. ಹೋಗುವ ಮೊದಲು ಎರಡು ಸಲ ಬಾಗಿಲು ತಟ್ಟಿ ಹೇಳಿತ್ತು. 2008ರ ಕೊನೆಗೆ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ ಜಗತ್ತಿನ ಮಾರುಕಟ್ಟೆಯೇ ಕುಸಿದಾಗ ಅದಿರಿನ ಬೆಲೆಯೂ ಧಡಕ್ಕನೆ ಇಳಿಯಿತು. ಆ ದೀಪಾವಳಿಗೆ ನಮ್ಮ ಮನೆಗೆ ಪಟಾಕಿ ಬರಲಿಲ್ಲ. ಕೆಲವು ತಿಂಗಳಲ್ಲಿ ಬೆಲೆ ಮತ್ತೆ ಏರಿತು, ನಾವು ಮರೆತೆವು. ಮರೆತದ್ದಷ್ಟೇ ಅಲ್ಲ, 2010ರ ಆರಂಭದಲ್ಲಿ ಅಪ್ಪ ಎರಡನೆಯ ಟಿಪ್ಪರ್ ತೆಗೆದರು. ಅದೇ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನೇ ನಿಲ್ಲಿಸಿತು. ಆಗಲೂ "ಇವತ್ತಲ್ಲ ನಾಳೆ ತೆರೀತಾರ" ಎಂದೇ ಎಲ್ಲರ ಮಾತು.

2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆ ಅಕ್ರಮ ಗಣಿಗಾರಿಕೆಯ ಬಗ್ಗೆ ತಮ್ಮ ಅಂತಿಮ ವರದಿ ಕೊಟ್ಟರು. ಎರಡು ದಿನ ಬಿಟ್ಟು, 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಲು ಆದೇಶಿಸಿತು. (ಆಗ ಹೊಸಪೇಟೆಯೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ.) ಆ ಆದೇಶ ಸರಿಯೇ ಎಂದು ಇವತ್ತು ನಾನು ಧೈರ್ಯವಾಗಿ ಹೇಳುತ್ತೇನೆ. ಗುಡ್ಡ ಉಳಿಯಬೇಕಿತ್ತು, ನಮ್ಮ ಎದೆಗೂಡೂ ಉಳಿಯಬೇಕಿತ್ತು. ಆದರೆ ಅವತ್ತು ಟಿವಿ ಮುಂದೆ ಕೂತಿದ್ದ ಅಪ್ಪನ ಮುಖ ನೋಡಿ ಹಾಗೆ ಹೇಳುವ ಧೈರ್ಯ ನನಗಿರಲಿಲ್ಲ.

ಎರಡೂ ಟಿಪ್ಪರ್ ಖಾಲಿ ಜಾಗದಲ್ಲಿ ನಿಂತವು. ಡ್ರೈವರುಗಳು ಲೆಕ್ಕ ಚುಕ್ತಾ ಮಾಡಿಸಿಕೊಂಡು ಊರಿಗೆ ಹೋದರು. ಒಂದು ರಾತ್ರಿ ಅಮ್ಮ ನನ್ನ ಕೈಗೆ ಪೆನ್ನು ಕೊಟ್ಟು "ಬರಿ" ಅಂದಳು. ಮೊದಲ ಲಾರಿ ಕಂತು 30 ಸಾವಿರ, ಎರಡನೆಯದು 36 ಸಾವಿರ. ಮನೆ ಖರ್ಚು, ಬಿಗಿಹಿಡಿದರೆ, 9 ಸಾವಿರ. ಒಟ್ಟು 75 ಸಾವಿರ. ಕೈಯಲ್ಲಿ, ಬ್ಯಾಂಕಿನಲ್ಲಿ, ಡಬ್ಬಿಯಲ್ಲಿ ಎಲ್ಲ ಸೇರಿ ಇದ್ದದ್ದು 30 ಸಾವಿರ. ಭಾಗಿಸಿ ನೋಡಿದೆ. ಹನ್ನೆರಡು ದಿನ! ಇಡೀ ಓಣಿಗೆ ಶ್ರೀಮಂತರಾದ ನಮ್ಮ ಬಾಳು ಹನ್ನೆರಡು ದಿನದ್ದು.

ಎಷ್ಟೋ ವರ್ಷದ ಮೇಲೆ ಟೀಚರಕ್ಕನ ಹತ್ತಿರ ಈ ಮಾತು ತೆಗೆದಾಗ ಅವರೂ ಸುಮ್ಮನೆ ಲೆಕ್ಕ ಹಾಕಿದರು. ಆ ವರ್ಷ ಅವರ ಮನೆ ಖರ್ಚು ತಿಂಗಳಿಗೆ 7 ಸಾವಿರ, ಪೋಸ್ಟಾಫೀಸು-ಬ್ಯಾಂಕು ಸೇರಿ ಇಟ್ಟದ್ದು 1 ಲಕ್ಷ 40 ಸಾವಿರ. ಸಾಲ ಇಲ್ಲ. ಅಂದರೆ ಸಂಬಳ ಪೂರ್ತಿ ನಿಂತಿದ್ದರೂ ಇಪ್ಪತ್ತು ತಿಂಗಳು! "ಅಯ್ಯ, ನಾನೇ ಸಾವ್ಕಾರ್ತಿ ಆಗಿದ್ದೆ ಅಂತ ಆವಾಗ್ಲೇ ಹೇಳಬಾರದಿತ್ತಾ" ಎಂದು ನಕ್ಕರು. ನನ್ನ ಬಿ.ಎ. ಕೊನೆಯ ವರ್ಷಕ್ಕೆ ಅವರೇ ಅಮ್ಮನಿಗೆ ಹತ್ತು ಸಾವಿರ ಕೈಗಡ ಕೊಟ್ಟಿದ್ದರು.

ಅವರನ್ನು ಹೊಗಳಿ ಮುಗಿಸುವ ಹಾಗೂ ಇಲ್ಲ ಎನ್ನಿ. ಇಪ್ಪತ್ತು ತಿಂಗಳ ಹಣ ಇಟ್ಟುಕೊಂಡೂ ಅವರು ಮೊಣಕಾಲು ನೋವಿಗೆ ಆರು ವರ್ಷ ಎಣ್ಣೆ ಹಚ್ಚಿಕೊಂಡೇ ಕಳೆದರು, ಡಾಕ್ಟರ್ ಹತ್ತಿರ ಹೋಗಲಿಲ್ಲ. ಹೋಗಿದ್ದರೆ ಇಪ್ಪತ್ತು ಹತ್ತೊಂಬತ್ತಾಗುತ್ತಿತ್ತು, ಅಷ್ಟೇ. ಇಲ್ಲದ್ದನ್ನು ಇದೆ ಎಂದುಕೊಂಡು ನಾವು ಕೆಟ್ಟೆವು, ಇದ್ದದ್ದನ್ನು ಇಲ್ಲ ಎಂದುಕೊಂಡು ಅವರು ನೋವು ತಿಂದರು. ಎರಡು ಮನೆಯಲ್ಲೂ ಲೆಕ್ಕ ಬರೆದು ನೋಡಿದವರಿರಲಿಲ್ಲ.

<b>ಹೇಗೆ ಲೆಕ್ಕ ಹಾಕುವುದು?</b>

ಇದಕ್ಕೆ ಕಾಮರ್ಸ್ ಓದಬೇಕಿಲ್ಲ. ಮನೆಯ ತಿಂಗಳ ಖರ್ಚು ಬರೆಯಿರಿ. ಹಾಲು, ರೇಷನ್, ಗ್ಯಾಸು, ಕರೆಂಟು, ಮೊಬೈಲು, ಫೀಸು, ಔಷಧಿ, ಬಾಡಿಗೆ. ಸೀರೆ, ಹೋಟೆಲು, ಸಿನಿಮಾ ಬೇಡ, ಅವು ಕಷ್ಟ ಬಂದ ದಿನ ತಾವಾಗಿಯೇ ನಿಲ್ಲುತ್ತವೆ. ಸಾಲದ ಕಂತು ಮಾತ್ರ ಒಂದೂ ಬಿಡಬೇಡಿ, ಅದು ನಿಲ್ಲುವುದಿಲ್ಲ. ಇನ್ನೊಂದು ಕಡೆ, ಒಂದು ವಾರದೊಳಗೆ ಕೈಗೆ ತರಬಹುದಾದ ಹಣ ಬರೆಯಿರಿ. ಉಳಿತಾಯ ಖಾತೆ, ಎಫ್‌ಡಿ, ಆರ್‌ಡಿ. ಮನೆ, ಸೈಟು ಬರೆಯಬೇಡಿ. ಊರಿಗೆಲ್ಲ ಕಷ್ಟ ಬಂದಾಗ ಸೈಟು ಕೊಳ್ಳುವವರೇ ಇರುವುದಿಲ್ಲ. ಗಣಿ ನಿಂತ ವರ್ಷ ನಮ್ಮೂರಲ್ಲಿ "ಲಾರಿ ಮಾರಾಟಕ್ಕಿದೆ" ಎಂದು ಯಾರಿಗೆ ಹೇಳುವುದು? ಕೇಳಿಸಿಕೊಳ್ಳುವವನ ಮನೆ ಮುಂದೆಯೂ ಒಂದು ನಿಂತಿದೆ!

ಚಿನ್ನ? ನಮಗೆಲ್ಲ ಪ್ರೀತಿಯ ಪ್ರಶ್ನೆ. ಚಿನ್ನ ಸೈಟಿಗಿಂತ ಬೇಗ ಹಣವಾಗುತ್ತದೆ ನಿಜ. ಆದರೆ ಮಾರುವಾಗ ಮಜೂರಿ, ವೇಸ್ಟೇಜು ವಾಪಸು ಬರುವುದಿಲ್ಲ. ಅಡ ಇಟ್ಟರೆ ಪೂರ್ತಿ ಬೆಲೆಗೆ ಸಾಲ ಸಿಗುವುದಿಲ್ಲ, ಬಡ್ಡಿ ಕಟ್ಟದಿದ್ದರೆ ಹರಾಜು. ಹಾಗಾಗಿ ಲೆಕ್ಕದಲ್ಲಿ ಅರ್ಧ ಬೆಲೆ ಹಿಡಿಯಿರಿ. ತಾಳಿ, ಅತ್ತೆ ಕೊಟ್ಟ ಬಳೆ ಇಂಥವನ್ನು ಹಿಡಿಯಲೇಬೇಡಿ. ಅದನ್ನು ಮಾರುವ ದಿನ ಬರೀ ಹಣದ ಲೆಕ್ಕ ನಡೆಯುವುದಿಲ್ಲ, ಅನುಭವಿಸಿದವರಿಗೆ ಗೊತ್ತು.

ಈಗ ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಸರ್ಕಾರಿ ಸಂಬಳದ ಮನೆಗೆ ಮೂರು ತಿಂಗಳು ಬಂದರೂ ನಡೆದೀತು. ಲಾರಿ, ಆಟೊ, ಅಂಗಡಿ, ಗುತ್ತಿಗೆ ಕೆಲಸ ನಂಬಿದ ಮನೆಗೆ ಆರು ತಿಂಗಳಾದರೂ ಬೇಕು ಎನ್ನುವುದು ನನ್ನ ಅಭಿಪ್ರಾಯ. ನಿಮ್ಮ ಲೆಕ್ಕ ಹನ್ನೆರಡು ದಿನ ಬಂದರೆ ಗಾಬರಿಯಾಗಬೇಡಿ. ನಮ್ಮದೂ ಬಂದಿತ್ತು.

ಹಣ ಎಲ್ಲಿಡುತ್ತೀರಿ ಎನ್ನುವುದೂ ಮುಖ್ಯ. ಬ್ಯಾಂಕು ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದ ತನಕ ಠೇವಣಿ ವಿಮೆ ಇದೆ. 2020ರ ಫೆಬ್ರವರಿಗೆ ಮೊದಲು ಇದು ಬರೀ 1 ಲಕ್ಷವಿತ್ತು. ಪಟ್ಟಣದ ಸಹಕಾರಿ ಬ್ಯಾಂಕಿಗೂ ಈ ವಿಮೆ ಉಂಟು. ಆದರೆ "ಪತ್ತಿನ ಸಹಕಾರ ಸಂಘ", "ಸೊಸೈಟಿ" ಎಂದು ಬೋರ್ಡು ಹಾಕಿಕೊಂಡವಕ್ಕೆ ಈ ವಿಮೆ ಇಲ್ಲ. ಎರಡಕ್ಕೂ ಕೌಂಟರ್ ಒಂದೇ ಥರ, ಪಾಸ್‌ಬುಕ್ಕೂ ಒಂದೇ ಥರ. ಬಡ್ಡಿ ಒಂದೂವರೆ ರೂಪಾಯಿ ಹೆಚ್ಚು ಕೊಡುತ್ತಾರೆಂದು ಹೋಗುವ ಮೊದಲು ಬೋರ್ಡು ಪೂರ್ತಿ ಓದಿ.

<b>ಅಮ್ಮನ ಎರಡು ಸಹಿ</b>

ನಮ್ಮ ಮನೆ ಹೇಗೆ ದಡ ಸೇರಿತು ಎಂದು ಹೇಳಲೇಬೇಕು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಅಮ್ಮ ಬೀರುವಿನ ಸೀರೆ ಮಡಿಕೆಯಿಂದ ಒಂದು ಪಾಸ್‌ಬುಕ್ ತೆಗೆದಳು. ಪೋಸ್ಟಾಫೀಸಿನ ಆರ್‌ಡಿ. ತಿಂಗಳಿಗೆ 500 ರೂಪಾಯಿ, ಐದು ವರ್ಷ. ಕಿರಾಣಿ ಅಂಗಡಿ ಇದ್ದಾಗ ಶುರು ಮಾಡಿದ್ದು. ಪ್ರತಿ ತಿಂಗಳು ಮನೆಗೆ ಬರುವ ಮಹಿಳಾ ಏಜೆಂಟ್ ಕೈಗೆ ಕೊಟ್ಟು ಸಹಿ ಮಾಡುತ್ತಿದ್ದಳು. ಲಾರಿ ಕಾಲದಲ್ಲಿ 500 ರೂಪಾಯಿ ಎಂದರೆ ಎರಡು ಸಲದ ಒಗ್ಗರಣೆ-ಮಿರ್ಚಿ ಖರ್ಚು. ಅಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ನಗುತ್ತಿದ್ದರೇನೋ. ಕೈಗೆ ಬಂದದ್ದು 36 ಸಾವಿರ ಚಿಲ್ಲರೆ. ಅಪ್ಪ ಆ ಹಣದಲ್ಲಿ ಮತ್ತೆ ಕಿರಾಣಿ ಸಾಮಾನು ತಂದರು. ಅಂಗಡಿ ಜಾಗ ಹೋಗಿತ್ತು, ಮನೆಯ ಮುಂದಿನ ಕೋಣೆಯಲ್ಲೇ ಹಲಗೆ ಹಾಕಿಕೊಂಡು ಕೂತರು. ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟೆವು.

ಇದು ಅಮ್ಮನ ಜಾಣ ಸಹಿ. ಇನ್ನೊಂದು ಸಹಿಯೂ ಇತ್ತು. ಎರಡನೆಯ ಟಿಪ್ಪರ್ ತೆಗೆಯುವಾಗ ಫೈನಾನ್ಸ್ ಕಂಪನಿಯವರು ಮನೆಗೇ ಬಂದು, ಚಹಾ ಕುಡಿದು, "ಅಮ್ಮಾ, ಇಲ್ಲೊಂದು ಸೈನ್" ಎಂದಿದ್ದರು. ಅಮ್ಮ ಕೈ ಒರೆಸಿಕೊಂಡು ಬಂದು ಹನ್ನೊಂದು ಕಡೆ ಹಾಕಿದಳು. ಓದಲಿಲ್ಲ. ಓದಲು ಕೂತಿದ್ದರೆ ಅಪ್ಪನ ಮೇಲೆ ನಂಬಿಕೆಯಿಲ್ಲ ಎಂದಾಗುತ್ತಿತ್ತಲ್ಲ! ಆ ಸಹಿಯಿಂದ ಅಮ್ಮ ಸಾಲಕ್ಕೆ ಜೊತೆಗಾರ್ತಿಯಾದಳು, ಅವಳ ಹೆಸರಿನ ಸೈಟು ಆಧಾರವಾಯಿತು. ಕಂತು ತಪ್ಪಿದಾಗ ಕಂಪನಿಯವರು ಎರಡೂ ಲಾರಿ ಒಯ್ದು ಹರಾಜು ಹಾಕಿದರು. ಬಂದ ಹಣ ಸಾಲಕ್ಕೆ ಸಾಲಲಿಲ್ಲ. ಲಾರಿ ಹೋದರೆ ಸಾಲವೂ ಹೋಗುತ್ತದೆ ಎಂದುಕೊಂಡಿದ್ದೆವು. ಇಲ್ಲ, ಉಳಿದ ಬಾಕಿ ಉಳಿದೇ ಇರುತ್ತದೆ. ಆ ಬಾಕಿಗೆ ನೋಟಿಸು ಬಂದದ್ದು ಅಮ್ಮನ ಹೆಸರಿಗೆ. ನಮ್ಮ ಮನೆಯಲ್ಲಿ ಅಮ್ಮನ ಹೆಸರಿಗೆ ಅಂಚೆಯಲ್ಲಿ ಬಂದ ಮೊದಲ ದೊಡ್ಡ ಲಕೋಟೆ ಅದು. ಸೈಟು ಸಿಕ್ಕಿದ ಬೆಲೆಗೆ ಹೋಯಿತು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಗಣಿಗಳು ಮಿತಿಯೊಳಗೆ ಒಂದೊಂದಾಗಿ ತೆರೆದವು. ಅಷ್ಟರಲ್ಲಿ ನಮ್ಮ ಹತ್ತಿರ ಲಾರಿಯೂ ಇಲ್ಲ, ಸೈಟೂ ಇಲ್ಲ.

ಆದ್ದರಿಂದ ಗೆಳತಿಯರೇ, ಸಹಿ ಕೇಳಿದಾಗ ಮೂರೇ ಮಾತು ಕೇಳಿ. ನಾನು ಸಾಕ್ಷಿಯೋ, ಜಾಮೀನುದಾರಳೋ, ಸಾಲಗಾರಳೋ? ಕಂತು ತಪ್ಪಿದರೆ ನನ್ನ ಹೆಸರಿನ ಯಾವುದು ಹೋಗುತ್ತದೆ? ಇದರ ಒಂದು ಪ್ರತಿ ನನಗೆ ಕೊಡುತ್ತೀರಾ? ಇದರಿಂದ ಗಂಡನ ಮರ್ಯಾದೆ ಹೋಗುವುದಿಲ್ಲ. ಬ್ಯಾಂಕಿನವರು ಅವರನ್ನೂ ಹೀಗೇ ಕೇಳಿ ಕೇಳಿಯೇ ಸಾಲ ಕೊಡುವುದು.

<b>ಲಾರಿ ಇಲ್ಲದವರ ಕಥೆ</b>

ನಮಗೆ ಲಾರಿ ಇಲ್ಲವಲ್ಲ ಎಂದು ಪುಟ ತಿರುವಬೇಡಿ. ಅಪ್ಪನ ಲಾರಿ ನಿಂತ ಅದೇ ಜುಲೈ ಕೊನೆಯಲ್ಲಿ, ನಮ್ಮಿಂದ ಹದಿಮೂರು ಕಿಲೋಮೀಟರ್ ದೂರದ ಹಂಪಿಯಲ್ಲಿ, ವಿರೂಪಾಕ್ಷ ಗುಡಿ ಮುಂದಿನ ಬಜಾರಿನ ಮನೆ-ಅಂಗಡಿಗಳ ಮೇಲೆ ಬುಲ್ಡೋಜರ್ ಬಂತು. ಹಳೇ ಮಂಟಪಗಳಲ್ಲಿ ಸಂಸಾರ ಹೂಡಿ, ವಿದೇಶಿ ಪ್ರವಾಸಿಗರಿಗೆ ಊಟ, ಕೋಣೆ ಕೊಟ್ಟು ಚೆನ್ನಾಗಿಯೇ ದುಡಿಯುತ್ತಿದ್ದ ಕುಟುಂಬಗಳು. ಸ್ಮಾರಕ ಉಳಿಯಬೇಕು, ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ, ಅದು ಸರಿ. ಆದರೆ ಬೆಳಿಗ್ಗೆ ಒಲೆ ಹಚ್ಚಿದವಳಿಗೆ ಮಧ್ಯಾಹ್ನ ಒಲೆಯೇ ಇಲ್ಲ! ದುಡಿಮೆ ಇತ್ತು, ಕೂತ ಜಾಗಕ್ಕೆ ಕಾಗದ ಇರಲಿಲ್ಲ. ಆಮೇಲೆ ಕಡ್ಡಿರಾಂಪುರದ ಹತ್ತಿರ ಪುನರ್ವಸತಿ ಎಂದಾಯಿತು. ಬಾಡಿಗೆ ಮಳಿಗೆಯಲ್ಲಿ ಟೈಲರಿಂಗ್, ಬ್ಯೂಟಿ ಪಾರ್ಲರ್ ಇಟ್ಟುಕೊಂಡ ಅಕ್ಕಂದಿರು ಒಮ್ಮೆ ಬಾಡಿಗೆ ಕರಾರು ತೆಗೆದು ನೋಡಿ. ಇದೆಯೇ? ಮುಗಿದು ಎಷ್ಟು ವರ್ಷವಾಯಿತು?

ಹಂಪಿ ಎಂದ ಕೂಡಲೇ ಮುತ್ತುರತ್ನ ರಾಶಿ ಹಾಕಿ ಮಾರುತ್ತಿದ್ದ ಕಥೆ ಬರುತ್ತದೆ, ನಾವು ಈ ಕಡೆಯವರಿಗೆ ಕೇಳಿ ಕೇಳಿ ಸಾಕಾಗಿದೆ. ಆ ರಾಶಿ 1565ರ ಯುದ್ಧದ ನಂತರ ಉಳಿಯಲಿಲ್ಲ. ಉಳಿದದ್ದು ಅದೇ ರಾಯರು ತೋಡಿಸಿದ ಕಾಲುವೆಗಳು. ತುರ್ತು ಕಾಲುವೆ, ರಾಯ ಕಾಲುವೆ, ಬಸವಣ್ಣ ಕಾಲುವೆ ಇವತ್ತಿಗೂ ಬಾಳೆ, ಕಬ್ಬು, ಭತ್ತಕ್ಕೆ ನೀರು ಕೊಡುತ್ತಿವೆ. ಹಂಪಿಗೆ ಹೋದಾಗ ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡ ಮೇಲೆ, ದಾರಿ ಬದಿಯ ಆ ಕಾಲುವೆಯನ್ನೂ ಒಂದು ಕ್ಷಣ ನಿಂತು ನೋಡಿ.

ನೀರು ನಂಬಿದವರಿಗೂ ಭಯ ತಪ್ಪಿದ್ದಲ್ಲ. ಕಂಪ್ಲಿಯಲ್ಲಿ ನಮ್ಮ ಸೋದರಮಾವನದು ಎರಡೆಕರೆ ಭತ್ತ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಕೊಂಡು ಹೋಯಿತು. ತುಂಬಿದ್ದ ಡ್ಯಾಮು ಕಣ್ಣೆದುರೇ ಖಾಲಿಯಾಗುತ್ತಿತ್ತು. ಗೊಬ್ಬರಕ್ಕೆ ದಲಾಲಿ ಅಂಗಡಿಯಲ್ಲಿ ತಂದ ಸಾಲ ತಲೆ ಮೇಲೆ. ತಾತ್ಕಾಲಿಕ ಗೇಟು ಕೂರುವ ತನಕ, ಸುಮಾರು ಒಂದು ವಾರ, ಅತ್ತೆ ಟಿವಿ ಮುಂದಿಂದ ಎದ್ದದ್ದು ಹಾಲು ಹಿಂಡಲು ಮಾತ್ರ. ಪುಣ್ಯಕ್ಕೆ ಆಮೇಲೆ ಮಳೆ ಚೆನ್ನಾಗಿ ಬಂದು ಡ್ಯಾಮು ಮತ್ತೆ ತುಂಬಿತು. ನಾನು ಫೋನು ಮಾಡಿದಾಗ ಅತ್ತೆ ಅಂದದ್ದು ಇಷ್ಟೇ: "ಭತ್ತ ಹೋದ್ರ ಹೋಗ್ಲವ್ವ, ಎರಡು ಎಮ್ಮಿ ಅದಾವಲ್ಲ. ಡ್ಯಾಮ್ ಗೇಟಿಗೂ ನಮ್ಮ ಎಮ್ಮಿಗೂ ಸಂಬಂಧ ಇಲ್ಲ." ಅತ್ತೆಗೆ ಭಾಗಾಕಾರ ಬರುವುದಿಲ್ಲ. ಆದರೆ ಒಂದು ನಿಂತರೆ ಇನ್ನೊಂದು ನಿಲ್ಲದಂತೆ ನೋಡಿಕೊಳ್ಳಬೇಕೆಂದು ಚೆನ್ನಾಗಿ ಗೊತ್ತು.

ಸಂಡೂರಿನಲ್ಲಿ ಲಂಬಾಣಿ ಕಸೂತಿ ಹಾಕುವ ಹೆಂಗಸರನ್ನು ನೋಡಿದಾಗಲೂ ನನಗೆ ಅತ್ತೆಯ ಎಮ್ಮೆಯೇ ನೆನಪಾಗುತ್ತದೆ. ಗಣಿಗಳ ನಡುವಿನ ಊರು. ಆದರೆ ಸೂಜಿಗೆ ಪರ್ಮಿಟ್ ಬೇಕಿಲ್ಲ, ಕನ್ನಡಿ ಚೂರಿಗೆ ಬೀಜಿಂಗ್ ರೇಟು ಇಲ್ಲ. ಸಂಡೂರು ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಹಾಕಿದ ಕಸೂತಿಯ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಅದರಿಂದ ಯಾರೂ ಬಂಗಲೆ ಕಟ್ಟಿಸುವುದಿಲ್ಲ, ಆ ಭ್ರಮೆ ಬೇಡ. ಕಸೂತಿಯ ಕೂಲಿ ಇನ್ನೂ ಹೆಚ್ಚಬೇಕು ಎನ್ನುವುದೂ ನಿಜವೇ.

ಈಗ ನಮ್ಮ ಮನೆಯ ಇವತ್ತಿನ ಸುದ್ದಿ. ಗಣಿಗಳು ಮತ್ತೆ ನಡೆಯುತ್ತಿವೆ. ಖಾಸಗಿ ಕೆಲಸದಲ್ಲಿರುವ ನನ್ನ ತಮ್ಮನಿಗೆ ಟಿಪ್ಪರ್ ತೆಗೆಯುವ ಆಸೆ ಹತ್ತಿದೆ. ಅಪ್ಪ ಏನೂ ಹೇಳುವುದಿಲ್ಲ, ಅಂಗಡಿಯಲ್ಲಿ ಕೂತು ಪೇಪರ್ ಓದುತ್ತಾರೆ. ಅಮ್ಮ ಬೇಡ ಅನ್ನಲಿಲ್ಲ. "ತಗೋ. ಆದ್ರ ಮೊದಲು ಆರು ತಿಂಗಳ ಕಂತು ಬೇರೆ ಖಾತೆಗೆ ಹಾಕಿ ನನಗೆ ಪಾಸ್‌ಬುಕ್ ತೋರಿಸು. ಅಪ್ಪನ ಅಂಗಡಿ ಮುಚ್ಚಂಗಿಲ್ಲ. ನಿನ್ನ ಹೆಂಡ್ತಿ ಸೈನ್ ಮಾಡೋದಿದ್ರ ಕಾಗದ ಮನೀಗೆ ತಂದು ಎರಡು ದಿನ ಇಡಬೇಕು, ಆಕಿ ಓದ್ತಾಳ" ಅಂದಳು. ನಾದಿನಿ ಬಿ.ಕಾಂ. ಮಾಡಿದ್ದಾಳೆ. ಈ ಮಾತು ಕೇಳಿ ಅತ್ತೆಯ ಮೇಲೆ ಅವಳಿಗೆ ಹೊಸ ಪ್ರೀತಿ ಬಂದಂತಿದೆ.

ತಮ್ಮ ಎರಡು ವಾರ ಮುಖ ಊದಿಸಿಕೊಂಡಿದ್ದ. ಈಗ ಖಾತೆ ತೆರೆದಿದ್ದಾನೆ. ಅಮ್ಮನೂ ಗೃಹಲಕ್ಷ್ಮಿಯ 2 ಸಾವಿರ ಬಂದಾಗಲೆಲ್ಲ ಅದರಲ್ಲಿ ಒಂದು ಸಾವಿರ ತನ್ನ ಹೊಸ ಆರ್‌ಡಿಗೆ ಹಾಕುತ್ತಿದ್ದಾಳೆ. ಈ ಸಲ ಪಾಸ್‌ಬುಕ್ ಸೀರೆ ಮಡಿಕೆಯಲ್ಲಿಲ್ಲ, ಟಿವಿ ಪಕ್ಕದ ಡ್ರಾಯರಿನಲ್ಲಿದೆ. ತಮ್ಮನ ಖಾತೆಯಲ್ಲಿ ಹೋದ ತಿಂಗಳಿಗೆ ಎರಡು ಕಂತಿನಷ್ಟು ಹಣ ಕೂಡಿದೆ, ಇನ್ನು ನಾಲ್ಕು ಬಾಕಿ.